ಎಣಿಸಿದೆ, ಓದಲಿಲ್ಲ

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿಮ್ಮೊಂದಿಗೆ ಜಗಳಕ್ಕೆ ಬರುತ್ತೇನೆ.

ದಕ್ಷಿಣ ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಕೂಟವೊಂದಕ್ಕೆ 2009ರಿಂದ 2011ರವರೆಗೆ ನಾನು ಲೆಕ್ಕ ಪರಿಶೋಧಕನಾಗಿದ್ದೆ. ಸಂಬಳವಿಲ್ಲದ ಕೆಲಸ, ಯುಗಾದಿ ಊಟದ ಟಿಕೆಟ್ಟು ಮಾತ್ರ ಪುಕ್ಕಟೆ. ಮೂರೂ ವರ್ಷ ವರದಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ: ‘ಕೂಟದ ಹಳೆಯ ದಾಖಲೆಗಳ ಬ್ಯಾಕಪ್ ಟೇಪುಗಳು, ಒಟ್ಟು ಒಂಬತ್ತು, ಸುರಕ್ಷಿತವಾಗಿವೆ.’ ಕೆಳಗೆ ನನ್ನ ಸಹಿ. ಆ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಲಾಸ್ ಏಂಜಲಿಸ್ ಕಡೆಯ ನನ್ನ ಮನೆಯಿಂದ ಸ್ಯಾನ್ ಡಿಯಾಗೊಗೆ ನೂರು ಮೈಲಿ ಕಾರು ಓಡಿಸಿಕೊಂಡು ಹೋಗಿ, ಹಳೆಯ ಖಜಾಂಚಿಗಳ ಗರಾಜಿನಲ್ಲಿ ಬೂಟಿನ ಡಬ್ಬದ ಮುಚ್ಚಳ ತೆಗೆದು, ನಾನೇ ಎಣಿಸಿ ಬಂದಿದ್ದೆ. ಒಂಬತ್ತು ಇದ್ದವು. ಎಣಿಸಿದೆ, ಓದಲಿಲ್ಲ.

ಆ ಖಜಾಂಚಿಗಳನ್ನು ಇಲ್ಲಿ ರಾಯರು ಎಂದು ಕರೆಯುತ್ತೇನೆ. ಕೂಟ ಕಟ್ಟಿದವರಲ್ಲಿ ಒಬ್ಬರು. ಎರಡು ವರ್ಷದ ಹಿಂದೆ ತೀರಿಕೊಂಡರು. ತಿಂಗಳ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. “ಮನೆ ಮಾರ್ತಾ ಇದೀವಿ ಕಣಪ್ಪ, ಮಗಳ ಹತ್ರ ಹೋಗ್ತೀನಿ. ಆ ಡಬ್ಬ ತಗೊಂಡು ಹೋಗು. ಅದರಲ್ಲಿ ಅವರು ಬರಕೊಂಡಿದ್ದ ಮಾತುಕತೆಗಳೆಲ್ಲ ಇವೆಯಂತೆ. ಅದನ್ನ ಪುಸ್ತಕ ಮಾಡ್ಬೇಕು ಅಂತ ಆಸೆ ಇತ್ತು ಅವರಿಗೆ.”

ಏನು ಮಾತುಕತೆ ಎಂದು ಹೇಳಿಬಿಡಬೇಕು. ಅಮೆರಿಕದಲ್ಲಿ 1965ರ ವಲಸೆ ಕಾನೂನು ಬಂದಮೇಲೆ ಬಾಗಿಲು ತೆರೆಯಿತಲ್ಲ, ಆಗ ಬಂದಿಳಿದ ಎಂಜಿನಿಯರುಗಳು, ಡಾಕ್ಟರುಗಳು, ಅವರ ಹಿಂದೆ ಒಂದೊಂದು ಸೂಟ್‌ಕೇಸ್ ಹಿಡಿದು ಬಂದ ಹೆಂಡಿರು. 1996ರಿಂದ 1999ರವರೆಗೆ ರಾಯರು ಇಂಥ ಇಪ್ಪತ್ತಮೂರು ಜನರನ್ನು ಮಾತಾಡಿಸಿ, ಕೇಳಿದ್ದನ್ನು ರಾತ್ರಿ ಕೂತು ಕನ್ನಡದಲ್ಲೇ ಕಂಪ್ಯೂಟರಿಗೆ ಏರಿಸಿದ್ದರು. ಕರಿಬೇವಿಲ್ಲದೆ ಸಾರು ಮಾಡಿದ್ದು, ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಪ್ರೊಜೆಕ್ಟರಿನಲ್ಲಿ ಕನ್ನಡ ಸಿನಿಮಾ ಹಾಕಿದ್ದು, ಊರಿನಿಂದ ಸಾವಿನ ಸುದ್ದಿ ಟೆಲಿಗ್ರಾಮಿನಲ್ಲಿ ಬಂದಾಗ ಅಳುವುದಕ್ಕೆ ಪಕ್ಕದಲ್ಲಿ ಕನ್ನಡದವರು ಯಾರೂ ಇಲ್ಲದ್ದು. ಆ ಇಪ್ಪತ್ತಮೂರರಲ್ಲಿ ಬಹುಪಾಲು ಜನ ಈಗ ಇಲ್ಲ. ಇನ್ನೊಮ್ಮೆ ಕೇಳಿ ಬರೆದುಕೊಳ್ಳುವಂತಿಲ್ಲ.

ಡಬ್ಬ ತಂದೆ. ನಮ್ಮ ಕೂಟದ ಒಬ್ಬ ಹುಡುಗ, ಸಾಫ್ಟ್‌ವೇರ್ ಕೆಲಸದವನು, ಜೊತೆಗೆ ನಿಂತ. ಮುಂದಿನ ಐದು ತಿಂಗಳು ನಾವಿಬ್ಬರೂ ನಾಲ್ಕು ಬೀಗ ಒಡೆದೆವು. ಬ್ಯಾಕಪ್ ಎಂದರೆ ಏನಲ್ಲ ಎಂಬುದು ಒಂದೊಂದು ಬೀಗದಲ್ಲೂ ಇದೆ, ಅದಕ್ಕೇ ನಾಲ್ಕನ್ನೂ ವಿವರವಾಗಿ ಹೇಳುತ್ತೇನೆ.

ಮೊದಲನೆಯ ಬೀಗ ಯಂತ್ರದ್ದು. ಊರಿನಲ್ಲಿ ಭಾವಗೀತೆಯ ಕ್ಯಾಸೆಟ್ ನೋಡಿದ್ದೀರಲ್ಲ, ಈ ಟೇಪು ಅದಕ್ಕಿಂತ ಸ್ವಲ್ಪ ಸಣ್ಣದು, ದಪ್ಪ. ಒಳಗೆ ಕಾಲು ಅಂಗುಲ ಅಗಲದ ಪಟ್ಟಿ. ಕ್ಯೂಐಸಿ-80 ಎಂಬ ಜಾತಿ. 120 ಎಂಬಿ ಹಿಡಿಯುತ್ತದೆ, ಒತ್ತಿ ತುಂಬಿದರೆ 250 ಎಂಬಿ ಹಿಡಿದೀತು ಎಂದು ಅಂದಾಜು. ಇದನ್ನು ಓದುವ ಡ್ರೈವ್ ಹಳೆಯ ಕಂಪ್ಯೂಟರಿನ ಫ್ಲಾಪಿ ಕೇಬಲ್ಲಿಗೆ ಸಿಕ್ಕಿಸುವಂಥದ್ದು. ಈಗಿನ ಕಂಪ್ಯೂಟರಿನಲ್ಲಿ ಆ ಕೇಬಲ್ಲೂ ಇಲ್ಲ, ಅದು ಕೂರುವ ಜಾಗವೂ ಇಲ್ಲ. ಹಳೆ ಸಾಮಾನು ಮಾರುವವರಲ್ಲಿ ಒಂದು ಡ್ರೈವ್ ಸಿಕ್ಕಿತು. ಅದರ ರಬ್ಬರ್ ಉರುಳೆ ಕರಗಿ ಬೆಲ್ಲದ ಪಾಕವಾಗಿತ್ತು, ಬದಲಾಯಿಸಿದೆವು. ಟೇಪುಗಳ ಒಳಗೆ ಪಟ್ಟಿಯನ್ನು ಬಿಗಿಯಾಗಿ ಹಿಡಿಯುವ ಒಂದು ರಬ್ಬರ್ ಎಳೆ ಇರುತ್ತದೆ. ಒಂಬತ್ತರಲ್ಲಿ ಏಳರ ಎಳೆ ತುಂಡಾಗಿತ್ತು. ಬೇರೆ ಹಳೆಯ ಟೇಪುಗಳಿಂದ ಎಳೆ ಬಿಚ್ಚಿ ಇವಕ್ಕೆ ಹಾಕಿದೆವು.

ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯಾಗೊಗೆ ಹೋಗುವ ಈ ದಾರಿ ಒಂದು ಕಾಲದಲ್ಲಿ ಟೇಪ್ ಡ್ರೈವ್‌ಗಳ ತವರು ಎಂಬುದು ನನಗೆ ಆಗಲೇ ತಿಳಿದದ್ದು. ಸ್ಯಾನ್ ಡಿಯಾಗೊದಲ್ಲಿ ಸಿಫರ್ ಡೇಟಾ ಪ್ರಾಡಕ್ಟ್ಸ್ ಎಂಬ ಕಂಪನಿ, ನಡುದಾರಿಯ ಕೋಸ್ಟಾ ಮೆಸಾದಲ್ಲಿ ಆರ್ಕೈವ್ ಕಾರ್ಪೊರೇಷನ್. 1990ರಲ್ಲಿ ಸಿಫರ್ ಅನ್ನು ಆರ್ಕೈವ್ ಕೊಂಡಿತು. ಕೆಲವೇ ವರ್ಷಕ್ಕೆ ಆರ್ಕೈವ್ ಅನ್ನು ಕಾನರ್ ಕೊಂಡಿತು. 1996ರಲ್ಲಿ ಕಾನರ್ ಅನ್ನು ಸೀಗೇಟ್ ಕೊಂಡಿತು. ಟೇಪ್ ಮೂವತ್ತು ವರ್ಷ ಬಾಳುತ್ತದೆ ಎಂದು ಹೆಮ್ಮೆಪಡುವವರೇ, ಅದನ್ನು ಓದುವ ಯಂತ್ರ ಮಾಡುವ ಕಂಪನಿ ಆರು ವರ್ಷದಲ್ಲಿ ಮೂರು ಮನೆ ಬದಲಾಯಿಸಿದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ ಬೀಗ ಆಪರೇಟಿಂಗ್ ಸಿಸ್ಟಂನದು. ರಾಯರು ಟೇಪ್ ಮಾಡಿದ್ದು ವಿಂಡೋಸ್ 95ರಲ್ಲಿ. 2002ರಲ್ಲಿ ಕೂಟಕ್ಕೆ ವಿಂಡೋಸ್ ಎಕ್ಸ್‌ಪಿ ಇದ್ದ ಹೊಸ ಕಂಪ್ಯೂಟರ್ ಬಂತು. ಹೊಸದು ಹಳೆಯ ಡ್ರೈವನ್ನು ಗುರುತಿಸಲಿಲ್ಲ. ಸದಸ್ಯರ ಪಟ್ಟಿ, ಆ ವರ್ಷದ ಜಮಾಖರ್ಚು, ಎರಡನ್ನು ಮಾತ್ರ ಸಿಡಿಗೆ ಹಾಕಿ ಹೊಸದಕ್ಕೆ ತಂದರು. ಉಳಿದದ್ದರ ಮಾತು ಬಂದಾಗ ಸಮಿತಿಯಲ್ಲಿ ಎಲ್ಲರೂ ಹೇಳಿದ್ದು ಒಂದೇ: ‘ಟೇಪ್ ಇದೆಯಲ್ಲ.’ ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಟ್ಟರು. ಇದು ನಮ್ಮ ಕೂಟದ ದಡ್ಡತನ ಮಾತ್ರ ಎಂದುಕೊಳ್ಳಬೇಡಿ. ಆಪರೇಟಿಂಗ್ ಸಿಸ್ಟಂ ಬದಲಾದಾಗಲೆಲ್ಲ ಹಳೆಯ ಬ್ಯಾಕಪ್ ಅನಾಥವಾಗುವುದು ಲೋಕರೂಢಿ. ಎಕ್ಸ್‌ಪಿಯಲ್ಲಿದ್ದ ಬ್ಯಾಕಪ್ ತಂತ್ರಾಂಶವನ್ನು ಮುಂದಿನ ವಿಸ್ತಾದಲ್ಲಿ ಕೈಬಿಟ್ಟರು. ಹಳೆಯ ಬ್ಯಾಕಪ್ ತೆರೆಯಬೇಕೆಂದರೆ ಬೇರೆ ಸಾಧನ ಇಳಿಸಿಕೊಳ್ಳಬೇಕಿತ್ತು. ವಿಂಡೋಸ್ ಸರ್ವರ್ 2008ರ ಜೊತೆ ಬಂದ ಬ್ಯಾಕಪ್ ತಂತ್ರಾಂಶಕ್ಕೆ ಟೇಪ್ ಎಂದರೇನೆಂದೇ ಗೊತ್ತಿರಲಿಲ್ಲ. ಲಿನಕ್ಸ್ ಏನೂ ಕಮ್ಮಿಯಲ್ಲ. ನಮ್ಮಂಥ ಫ್ಲಾಪಿ ಟೇಪ್‌ಗಳನ್ನು ಓದುತ್ತಿದ್ದ ಎಫ್‌ಟೇಪ್ ಎಂಬ ಡ್ರೈವರನ್ನು 2007ರಲ್ಲಿ, 2.6.20ನೆಯ ಕರ್ನಲ್‌ನಿಂದ ಕಿತ್ತುಹಾಕಿದರು. ಅದಕ್ಕಾಗಿ ನಮ್ಮ ಹುಡುಗ ಅದಕ್ಕಿಂತ ಹಳೆಯ ಲಿನಕ್ಸನ್ನು ಒಂದು ಹಳೆಯ ಪೆಂಟಿಯಮ್ ಮೇಲೆ ಕೂರಿಸಿ, ಟೇಪಿನಲ್ಲಿದ್ದದ್ದನ್ನು ಇದ್ದಹಾಗೇ ಒಂದೊಂದು ಕಡತವಾಗಿ ಎತ್ತಿಕೊಂಡ. ಆಮೇಲೆ ವಿಂಡೋಸ್ 95 ಹಾಕಿ, ಆ ಕಾಲದ ಬ್ಯಾಕಪ್ ತಂತ್ರಾಂಶವನ್ನೇ ಹುಡುಕಿ ತಂದು, ಒತ್ತಿ ತುಂಬಿದ್ದನ್ನು ಬಿಡಿಸಿದ. ಎರಡು ಟೇಪು ಪೂರ್ತಿ ಹಾಳಾಗಿದ್ದವು. ಏಳು ಓದಿದವು. ಆ ರಾತ್ರಿ ನಾವಿಬ್ಬರೂ ಗರಾಜಿನಲ್ಲಿ ಕುಣಿದದ್ದು ನಿಜ.

ಮೂರನೆಯ ಬೀಗ ಕನ್ನಡದ್ದೇ. ಸ್ಮರಣ ಸಂಚಿಕೆಯ ಒಂದು ಲೇಖನ ತೆರೆದರೆ ಪರದೆಯ ತುಂಬ ತಲೆಯ ಮೇಲೆ ಚುಕ್ಕೆ, ಟೋಪಿ ಇಟ್ಟುಕೊಂಡ ಐರೋಪ್ಯ ಅಕ್ಷರಗಳು. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗ ಇತ್ತು. ಆದರೆ ಮನೆಮನೆಯ ವಿಂಡೋಸಿಗೆ ಅದು ಬಂದದ್ದು 2001ರಲ್ಲಿ, ಎಕ್ಸ್‌ಪಿ ಮತ್ತು ತುಂಗ ಫಾಂಟಿನ ಜೊತೆ. ಅದಕ್ಕೆ ಮೊದಲು ನಾವೆಲ್ಲ ಟೈಪಿಸುತ್ತಿದ್ದದ್ದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳನ್ನು. ಫಾಂಟ್ ಇದ್ದರೆ ‘ಕ’, ಇಲ್ಲದಿದ್ದರೆ ಡಾಲರ್ ಚಿಹ್ನೆಯೋ ಮತ್ತೊಂದೋ. ಅಮೆರಿಕದಲ್ಲೇ ಇದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ ಕೊಟ್ಟಮೇಲೆ ಬರೆದದ್ದಾದರೆ ಪರಿವರ್ತಕ ಸಾಧನಗಳಿವೆ, ‘ನುಡಿ’ಯಲ್ಲಿ ಬರೆದದ್ದಕ್ಕೂ ಇವೆ. ರಾಯರು ಶುರುಮಾಡಿದ್ದು ಅದಕ್ಕೂ ಮೊದಲಿನ ಯಾವುದೋ ಫಾಂಟಿನಲ್ಲಿ. ಅದರ ಹೆಸರು ಕೂಡ ಟೇಪಿನಲ್ಲಿರಲಿಲ್ಲ. ಕೊನೆಗೆ ನಮ್ಮ ನೆರವಿಗೆ ಬಂದದ್ದು ಕಾಗದ. ಅದೇ ಸ್ಮರಣ ಸಂಚಿಕೆಯ ಮುದ್ರಿತ ಪ್ರತಿ ಒಬ್ಬರ ಮನೆಯಲ್ಲಿತ್ತು. ನಾಲ್ಕು ವಾರಾಂತ್ಯ ನಾನೂ ನನ್ನ ಹೆಂಡತಿಯೂ ಅಚ್ಚಿನ ಪುಟವನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಗೀಟು ಯಾವ ಅಕ್ಷರ, ಯಾವ ಚುಕ್ಕೆ ಯಾವ ಒತ್ತು ಎಂದು ಪಟ್ಟಿ ಮಾಡಿದೆವು. ಆ ಪಟ್ಟಿ ಕೊಟ್ಟಮೇಲೆ ಹುಡುಗ ಒಂದು ಪುಟ್ಟ ಪ್ರೋಗ್ರಾಂ ಬರೆದ. ಕನ್ನಡ ಕಣ್ಣುಬಿಟ್ಟಿತು.

ನಾಲ್ಕನೆಯ ಬೀಗ ಒಡೆಯಲಿಲ್ಲ. ಏಕೆಂದರೆ ಅಲ್ಲಿ ಪೆಟ್ಟಿಗೆಯೇ ಇರಲಿಲ್ಲ.

ಏಳು ಟೇಪುಗಳನ್ನೂ ಜಾಲಾಡಿದೆವು. ಸದಸ್ಯತ್ವದ ರಸೀದಿಗಳು, ಬಾಳೆ ಎಲೆ ತರಿಸಿದ ಬಿಲ್ಲು, ಹಾಲ್ ಬಾಡಿಗೆ ಪತ್ರಗಳು, ಸ್ಮರಣ ಸಂಚಿಕೆಯ ಲೇಖನಗಳು, ಎಲ್ಲ ಇದ್ದವು. ಮಾತುಕತೆ ಒಂದೂ ಇರಲಿಲ್ಲ. ಕೊನೆಗೆ ಹುಡುಗ ಬ್ಯಾಕಪ್ ತಂತ್ರಾಂಶದ ಹಳೆಯ ಸೂಚನೆಗಳನ್ನು ತೆಗೆದು ತೋರಿಸಿದ. ಪ್ರತಿ ಭಾನುವಾರ ಟೇಪಿಗೆ ಹೋಗುತ್ತಿದ್ದದ್ದು ಸಿ ಡ್ರೈವ್ ಮಾತ್ರ. ಜಾಗ ಸಾಲದೆ 1997ರಲ್ಲಿ ರಾಯರು ಎರಡನೆಯ ಹಾರ್ಡ್ ಡಿಸ್ಕ್ ಹಾಕಿಸಿಕೊಂಡು ಮಾತುಕತೆಗಳನ್ನೆಲ್ಲ ಡಿ ಡ್ರೈವಿಗೆ ಸಾಗಿಸಿದ್ದರು. ಬ್ಯಾಕಪ್ಪಿಗೆ ಆ ವಿಷಯ ಯಾರೂ ಹೇಳಲಿಲ್ಲ. ಅದಾದಮೇಲೂ ಪ್ರತಿ ಭಾನುವಾರ ತಪ್ಪದೆ ಟೇಪ್ ತಿರುಗಿತು, ‘ಯಶಸ್ವಿಯಾಗಿ ಮುಗಿಯಿತು’ ಎಂದು ಪ್ರತಿ ಭಾನುವಾರ ಪರದೆಯ ಮೇಲೆ ಬಂತು. 2002ರಲ್ಲಿ ‘ಟೇಪ್ ಇದೆಯಲ್ಲ’ ಎಂದು ಗುಜರಿಗೆ ಕೊಟ್ಟ ಕಂಪ್ಯೂಟರಿನಲ್ಲೇ ಆ ಡಿ ಡ್ರೈವ್ ಇತ್ತು.

ಈಗ ಜಗಳಕ್ಕೆ ಬರುತ್ತೇನೆ.

ಮೊದಲ ಮೂರು ಬೀಗಕ್ಕೆ ನಮಗೆ ತಗುಲಿದ್ದು ಒಟ್ಟು 640 ಡಾಲರು, ಐದು ತಿಂಗಳ ವಾರಾಂತ್ಯಗಳು. ಹಣ ಮತ್ತು ಹಟ ಇದ್ದರೆ ತೆರೆಯುವ ಬೀಗಗಳು ಅವು. ನಾಲ್ಕನೆಯದಕ್ಕೆ ಲಕ್ಷ ಡಾಲರು ಕೊಟ್ಟರೂ ಕೀಲಿಯಿಲ್ಲ. ಅದಕ್ಕೆ ಆಗ ಬೇಕಿದ್ದದ್ದು ಒಂದು ಮಧ್ಯಾಹ್ನ ಮಾತ್ರ. ಹಳೆಯ ಕಂಪ್ಯೂಟರ್ ಇನ್ನೂ ಮೇಜಿನ ಮೇಲಿರುವಾಗಲೇ ಟೇಪಿನಿಂದ ಎರಡು ಮಾತುಕತೆ ಹಿಂದಕ್ಕೆ ತೆಗೆದು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನನ್ನ ವಾದ ಇಷ್ಟೇ, ಇದಕ್ಕಿಂತ ದೊಡ್ಡದೇನಲ್ಲ: ಹಿಂದಕ್ಕೆ ತೆಗೆದು ಓದಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಕರೆಯಬಾರದು. ಅದು ತಾಳೆ ನೋಡದ ರೋಕಡಿ ಪುಸ್ತಕ. ಅದರಲ್ಲಿ ಅಂಕಿಗಳಿರಬಹುದು, ಲೆಕ್ಕ ಇರುವುದಿಲ್ಲ.

ಇದನ್ನು ನನಗೆ ಸಿಎ ಓದುವಾಗಲೇ ಕಲಿಸಿದ್ದರು ಎಂಬುದು ನಾಚಿಕೆಯ ಸಂಗತಿ. 1963ರಲ್ಲಿ ಈ ದೇಶದಲ್ಲೇ ಸಲಾಡ್ ಎಣ್ಣೆಯ ದೊಡ್ಡ ಹಗರಣ ನಡೆಯಿತು. ನ್ಯೂಜೆರ್ಸಿಯ ಬೇಯೋನ್ ಊರಿನ ದೈತ್ಯ ಟ್ಯಾಂಕುಗಳಲ್ಲಿ ಎಣ್ಣೆಯಿದೆ ಎಂದು ತೋರಿಸಿ ಟೀನೊ ಡಿ ಏಂಜಲಿಸ್ ಎಂಬಾತ ಬ್ಯಾಂಕುಗಳಿಂದ ಕೋಟಿಗಟ್ಟಲೆ ಸಾಲ ಎತ್ತಿದ್ದ. ಟ್ಯಾಂಕಿನ ತುಂಬ ನೀರು, ಎಣ್ಣೆ ಮೇಲೆ ತೇಲುತ್ತಿತ್ತು. ತಪಾಸಣೆಗೆ ಬಂದವರು ಮೇಲಿನಿಂದ ಇಣುಕಿ, ಟ್ಯಾಂಕ್ ಎಣಿಸಿಕೊಂಡು ಹೋದರು. ಅಮೆರಿಕನ್ ಎಕ್ಸ್‌ಪ್ರೆಸ್‌ನಂಥ ಸಂಸ್ಥೆಯೇ ಅದರಲ್ಲಿ ಕೈ ಸುಟ್ಟುಕೊಂಡಿತು. ದಾಸ್ತಾನು ಎಣಿಸಿದರೆ ಸಾಲದು, ಕೋಲು ತಳದವರೆಗೆ ಇಳಿಸು ಎಂದು ಆಮೇಲೆ ನಮ್ಮಂಥ ಹುಡುಗರಿಗೆ ಪಾಠ ಬಂತು. ನಾನು ಆ ಪ್ರಶ್ನೆಗೆ ಉತ್ತರ ಬರೆದು ಅಂಕ ತೆಗೆದುಕೊಂಡವನು. ಬೂಟಿನ ಡಬ್ಬದ ಮುಂದೆ ಕೂತಾಗ ಕೋಲು ಇಳಿಸಲಿಲ್ಲ.

‘ನಾವು ಹವ್ಯಾಸಿಗಳು, ದೊಡ್ಡ ಸಂಸ್ಥೆಗಳಲ್ಲಿ ಹೀಗಾಗುವುದಿಲ್ಲ’ ಎನ್ನುವವರಿಗೆ ನಮ್ಮ ಲಾಸ್ ಏಂಜಲಿಸ್‌ನದೇ ಎರಡು ಕತೆ ಹೇಳುತ್ತೇನೆ. 1976ರಲ್ಲಿ ನಾಸಾದ ವೈಕಿಂಗ್ ನೌಕೆಗಳು ಮಂಗಳನ ಮೇಲಿಳಿದು ಅಲ್ಲಿ ಜೀವ ಇದೆಯೇ ಎಂದು ಪರೀಕ್ಷಿಸಿದವು. 1999ರಲ್ಲಿ ಇಲ್ಲಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋಸೆಫ್ ಮಿಲ್ಲರ್ ಎಂಬ ವಿಜ್ಞಾನಿ ಆ ಪ್ರಯೋಗದ ಮಾಹಿತಿ ಮತ್ತೆ ಬೇಕೆಂದು ಕೇಳಿದರು. ಟೇಪುಗಳಿದ್ದವು. ಆದರೆ ಅದರಲ್ಲಿ ಮಾಹಿತಿ ಬರೆದ ರೀತಿ ಅಷ್ಟು ಹಳೆಯದು, ಅದನ್ನು ಬಲ್ಲವರು ಉಳಿದಿರಲಿಲ್ಲ. ಕೊನೆಗೆ ಕೆಲಸ ಸಾಗಿದ್ದು ಮೂಲ ಪ್ರಯೋಗ ಮಾಡಿದ ಗಿಲ್ಬರ್ಟ್ ಲೆವಿನ್, ಪೆಟ್ರೀಷಿಯಾ ಸ್ಟ್ರಾಟ್ ಅವರ ಬಳಿ ಉಳಿದಿದ್ದ ಕಾಗದದ ಪ್ರಿಂಟುಗಳಿಂದ. ಅದೂ ಪೂರ್ತಿಯಲ್ಲ, ಒಂದು ಭಾಗ.

ಎರಡನೆಯ ಕತೆ ಸ್ವಲ್ಪ ಸಂತೋಷದ್ದು. 1966 ಮತ್ತು 1967ರಲ್ಲಿ ಐದು ಲೂನಾರ್ ಆರ್ಬಿಟರ್ ನೌಕೆಗಳು ಚಂದ್ರನ ಚಿತ್ರ ತೆಗೆದವು. ಆ ಚಿತ್ರಗಳ ಮೂಲ ಟೇಪುಗಳು ಸುಮಾರು ಒಂದೂವರೆ ಸಾವಿರ. ಎಂಬತ್ತರ ದಶಕದಲ್ಲಿ ಅವುಗಳ ಗತಿಯೇನು ಎಂಬ ಪ್ರಶ್ನೆ ಬಂದಾಗ, ಇಲ್ಲಿನ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ನ್ಯಾನ್ಸಿ ಇವಾನ್ಸ್ ಎಂಬಾಕೆ ಎಸೆಯಕೂಡದು ಎಂದು ಹಟ ಹಿಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಟೇಪ್ ಇದ್ದು ಯಂತ್ರ ಇಲ್ಲದಿದ್ದರೆ ಏನು ಪ್ರಯೋಜನ ಎಂದು, ಆ್ಯಂಪೆಕ್ಸ್ ಎಫ್‌ಆರ್-900 ಎಂಬ ಬೀರುವಿನಂಥ ಯಂತ್ರಗಳನ್ನು ಸೇನೆಯ ಗುಜರಿಯಿಂದ ತರಿಸಿ, ಲಾಸ್ ಏಂಜಲಿಸ್‌ನ ಸನ್ ವ್ಯಾಲಿಯ ತಮ್ಮ ಮನೆಯ ಗರಾಜಿನಲ್ಲಿ ಎರಡು ದಶಕ ಕಾಪಾಡಿದರು. ಆ ಯಂತ್ರಗಳನ್ನು ದುರಸ್ತಿ ಮಾಡಿ 2008ರಲ್ಲಿ ಮೊದಲು ಹೊರತೆಗೆದ ಚಿತ್ರಗಳಲ್ಲೊಂದು, 1966ರ ಆಗಸ್ಟ್ 23ರಂದು ಚಂದ್ರನ ಬಳಿಯಿಂದ ಕಂಡ ನಮ್ಮ ಭೂಮಿಯದು. ಆಕೆ ಬರೀ ಟೇಪ್ ಉಳಿಸಿದವರಲ್ಲ, ಓದುವ ದಾರಿಯನ್ನೂ ಉಳಿಸಿದವರು. ನಮ್ಮ ಗರಾಜಿನಲ್ಲೂ ಟೇಪ್ ಇತ್ತು. ವ್ಯತ್ಯಾಸ ಎಲ್ಲಿದೆ ನೋಡಿ.

ಈಗ ನಿಮ್ಮ ಉತ್ತರಗಳಿಗೆ ಬರುತ್ತೇನೆ. ಈ ವಿಷಯ ಸಭೆಯಲ್ಲಿ ಎತ್ತಿದಾಗಲೆಲ್ಲ ಮೂರು ಉತ್ತರ ಕೇಳಿದ್ದೇನೆ.

‘ಈಗೆಲ್ಲ ಕ್ಲೌಡ್ ಇದೆ, ಟೇಪಿನ ಕಾಲ ಹೋಯಿತು’ ಎಂಬುದು ಮೊದಲನೆಯದು. ಸ್ವಾಮಿ, ನಿಮ್ಮ ಕೂಟದ ಕ್ಲೌಡ್ ಯಾರ ಹೆಸರಿನಲ್ಲಿದೆ? ಹಿಂದಿನ ಅಧ್ಯಕ್ಷರ ಖಾಸಗಿ ಇಮೇಲಿನಲ್ಲಿ. ಪಾಸ್‌ವರ್ಡ್ ಯಾರಿಗೆ ಗೊತ್ತು? ಅವರಿಗೇ. ಎರಡನೆಯ ಹಂತದ ಸಂಖ್ಯೆ ಯಾರ ಫೋನಿಗೆ ಬರುತ್ತದೆ? ಅವರ ಫೋನಿಗೇ. ತಿಂಗಳ ಬಾಡಿಗೆ ಯಾವ ಕಾರ್ಡಿನಿಂದ ಹೋಗುತ್ತದೆ? ಹೋದ ವರ್ಷ ಅವಧಿ ಮುಗಿದ ಕಾರ್ಡಿನಿಂದ. ಕ್ಲೌಡ್ ಎಂದರೆ ಬೇರೆಯವರ ಗರಾಜು, ಬೀಗ ಸ್ವಲ್ಪ ಗಟ್ಟಿ, ಅಷ್ಟೇ. ಅದರಲ್ಲೂ ಒಂದು ಡಿ ಡ್ರೈವ್ ಹೊರಗೆ ಉಳಿದಿರಬಹುದು. ತೆಗೆದು ನೋಡಿದ್ದೀರಾ?

‘ಯಾರು ಓದುತ್ತಾರೆ? ಮಕ್ಕಳಿಗೆ ಕನ್ನಡವೇ ಬರುವುದಿಲ್ಲ’ ಎಂಬುದು ಎರಡನೆಯದು. ಇದನ್ನು ಹೇಳುವವರು ನೊಂದು ಹೇಳುತ್ತಾರೆ, ಆದ್ದರಿಂದ ಸಿಟ್ಟಾಗುವುದಿಲ್ಲ. ಆದರೆ ನಮ್ಮ ಕಸುಬಿನ ಒಂದು ಪುರಾವೆ ಕೊಡುತ್ತೇನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕಪತ್ರದ ಕಚೇರಿಗೆ ಒಂದು ಅಧ್ಯಾಯವೇ ಇದೆ, ಅಕ್ಷಪಟಲ ಎಂದು. ಆ ಗ್ರಂಥದ ಪೂರ್ಣ ಪಾಠ ನೂರಾರು ವರ್ಷ ವಿದ್ವಾಂಸರ ಕಣ್ಣಿಗೆ ಬೀಳದೆ ಇತ್ತು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಒಂದು ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅದು ಇದ್ದದ್ದು ಗ್ರಂಥ ಲಿಪಿಯಲ್ಲಿ. ತಾಳೆಗರಿ ತಾನಾಗಿ ಅಷ್ಟು ಕಾಲ ಬಾಳುವುದಿಲ್ಲ. ಹುಳ ಬೀಳುವ ಮೊದಲೇ ತಲೆಮಾರಿಗೊಬ್ಬ ಹೊಸ ಗರಿಗೆ ಇಳಿಸಿದ್ದಕ್ಕೆ ಉಳಿಯಿತು. ಹಾಗೆ ಇಳಿಸುವವನು ಒಂದೊಂದು ಅಕ್ಷರವನ್ನೂ ಓದಿಯೇ ಇಳಿಸಬೇಕು. ಅಂದರೆ ಅವರ ಬ್ಯಾಕಪ್ಪಿನ ಒಳಗೇ ಪರೀಕ್ಷೆಯೂ ಇತ್ತು. ಮುಂದೆ ಯಾರು ಓದುತ್ತಾರೆ ಎಂದು ಅವರು ಕೇಳಿಕೊಂಡು ಕೂತಿದ್ದರೆ ಶಾಮಶಾಸ್ತ್ರಿಗಳ ಕೈಗೆ ಬರಿಯ ಪುಡಿ ಸಿಗುತ್ತಿತ್ತು. ಓದುವವರು ಯಾವಾಗ ಬರುತ್ತಾರೋ ನಮಗೆ ತಿಳಿಯದು. ಬಂದಾಗ ಓದುವಂತಿರಬೇಕು, ಅಷ್ಟು ನಮ್ಮ ಪಾಲಿನ ಕೆಲಸ.

ಹಾಗೆಂದು ಎಲ್ಲವನ್ನೂ ಕಾಗದಕ್ಕೆ, ತಾಳೆಗರಿಗೆ ಹಿಂತಿರುಗಿಸಿ ಎನ್ನುವ ಹಳಹಳಿಕೆಯ ಪಾರ್ಟಿ ನಾನಲ್ಲ. ನಮ್ಮಲ್ಲಿ ಹಿಂದೆ ವ್ಯಾಪಾರಿಗಳೂ ಮಠಗಳೂ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಓದಿ ಅಚ್ಚು ಹಾಕಿಸಿದ್ದಾರೆ. ಅದೇ ಬೆಳಗಾವಿ, ಧಾರವಾಡದ ಕಡೆಯ ಹಳೆಯ ಮೋಡಿ ಲಿಪಿಯ ದಾಖಲೆ ನೋಡಿ. ಕಾಗದ ಗಟ್ಟಿಯಾಗಿಯೇ ಇದೆ, ಓದಬಲ್ಲವರು ಬೆರಳೆಣಿಕೆ. ಕಾಗದವಾಗಲಿ ಟೇಪಾಗಲಿ, ವಸ್ತುವನ್ನು ಕಾಪಾಡಿದರೆ ಅರ್ಧ ಕೆಲಸ. ಓದುವ ಬಗೆಯನ್ನು ಕಾಪಾಡುವುದು ಉಳಿದರ್ಧ.

‘ನಮಗೆ ಸಮಯವೆಲ್ಲಿದೆ, ಎಲ್ಲರೂ ಸ್ವಯಂಸೇವಕರು’ ಎಂಬುದು ಮೂರನೆಯದು. ಇದರಲ್ಲಿ ಸತ್ಯವಿದೆ. ರಾಯರು ಹಗಲೆಲ್ಲ ದುಡಿದು, ಭಾನುವಾರ ರಾತ್ರಿ ಟೇಪ್ ಹಾಕಿ, ಮುಗಿಯುವವರೆಗೆ ನಿದ್ದೆಗೆಟ್ಟು ಕೂರುತ್ತಿದ್ದವರು. ಅವರನ್ನು ದೂರಲು ನನಗೆ ಬಾಯಿಲ್ಲ. ಆದರೆ ಸಮಯ ಇಲ್ಲ ಎಂಬುದು ನಿಜವಲ್ಲ. ಟೇಪ್ ಹಾಕಲು ವರ್ಷಕ್ಕೆ ಐವತ್ತೆರಡು ರಾತ್ರಿ ಇತ್ತು. ತೆಗೆದು ನೋಡಲು ಐದು ವರ್ಷದಲ್ಲಿ ಒಂದು ಮಧ್ಯಾಹ್ನ ಸಿಗಲಿಲ್ಲ. ದೀಪಾವಳಿಗೆ ಬೆಂಗಳೂರಿನಿಂದ ತಾರೆಯರನ್ನು ಕರೆಸುವ ಬಜೆಟ್ಟಿಗೆ ಮೂರು ಸಭೆ ಸೇರುತ್ತೇವೆ. ಅದು ತಪ್ಪೆಂದು ಹೇಳುತ್ತಿಲ್ಲ, ನಾನೂ ಮುಂದಿನ ಸಾಲಿನಲ್ಲೇ ಕೂತು ಶಿಳ್ಳೆ ಹಾಕುವವನು. ಅದೇ ಬಜೆಟ್ಟಿನಲ್ಲಿ ಇನ್ನೊಂದು ಸಾಲಿಗೆ ಜಾಗವಿದೆ ಎಂದಷ್ಟೇ ಹೇಳುತ್ತೇನೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಇಲ್ಲಿನ ತೆರಿಗೆ ಇಲಾಖೆ, ಐಆರ್‌ಎಸ್, 1998ರಲ್ಲಿ ದೊಡ್ಡ ತೆರಿಗೆದಾರರಿಗೆ 98-25 ಎಂಬ ನಿಯಮ ಹೊರಡಿಸಿತು. ಕಂಪ್ಯೂಟರಿನ ದಾಖಲೆ ಇಟ್ಟುಕೊಂಡರೆ ಸಾಲದು, ಕೇಳಿದಾಗ ಹೊರತೆಗೆದು ಓದುವಂತಿರಬೇಕು ಎಂಬುದು ಅದರ ತಿರುಳು. ಭಾರತದ 2013ರ ಕಂಪನಿ ಕಾಯ್ದೆ ಎಂಟು ವರ್ಷದ ಲೆಕ್ಕ ಪುಸ್ತಕ ಇಟ್ಟುಕೊಳ್ಳಿ ಎನ್ನುತ್ತದೆ, ಕಂಪ್ಯೂಟರಿನಲ್ಲಿದ್ದರೆ ಬೇಕಾದಾಗ ಬಳಸುವಂತಿರಬೇಕು ಎಂದು ಅದರ ನಿಯಮಗಳು ಹೇಳುತ್ತವೆ. ಬಾಳೆ ಎಲೆಯ ಬಿಲ್ಲಿಗೆ ಸರ್ಕಾರ ಇಷ್ಟು ಎಚ್ಚರ ಕೇಳುತ್ತದೆ. ನಮ್ಮ ಹಿರಿಯರ ಮಾತಿಗೆ ನಾವು ನಮ್ಮನ್ನೇ ಕೇಳಿಕೊಳ್ಳಲಿಲ್ಲ.

ಏನು ಮಾಡಬೇಕು ಎಂದರೆ, ಬಹಳವೇನಿಲ್ಲ. ಮೊದಲು, ಎಲ್ಲವನ್ನೂ ಇಟ್ಟುಕೊಳ್ಳುವ ಚಾಳಿ ಬಿಡಿ. ಹತ್ತು ವರ್ಷ ಹಳೆಯ ಹಾಲ್ ಬಾಡಿಗೆ ಪತ್ರ ಯಾರಿಗೂ ಬೇಡ. ಉಳಿಯಲೇಬೇಕಾದದ್ದು ಯಾವುದು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಕನ್ನಡ ಬರಹವನ್ನು ಸಾದಾ ಯೂನಿಕೋಡ್ ಪಠ್ಯವಾಗಿಯೂ ಒಂದು ಪ್ರತಿ ಇಡಿ, ಅಲಂಕಾರ ಬೇಕಾದರೆ ಬೇರೆ ಇರಲಿ. ಮುಖ್ಯವಾದದ್ದನ್ನು ಒಮ್ಮೆ ಅಚ್ಚು ಹಾಕಿ ಎರಡು ಮನೆಯಲ್ಲಿಡಿ. ವರ್ಷಕ್ಕೊಮ್ಮೆ, ಬ್ಯಾಕಪ್ ಮಾಡಿದವರಲ್ಲದ ಬೇರೆಯವರು, ಬೇರೆ ಕಂಪ್ಯೂಟರಿನಲ್ಲಿ ಆ ಹಾಳೆಯ ಒಂದೊಂದು ಬಾಬಿನಿಂದ ಒಂದು ಕಡತ ತೆರೆದು ಓದಲಿ. ಕಂಪ್ಯೂಟರ್ ಅಥವಾ ಆಪರೇಟಿಂಗ್ ಸಿಸ್ಟಂ ಬದಲಾಯಿಸುವ ವರ್ಷ ಇದನ್ನು ಎರಡು ಸಲ ಮಾಡಿ, ಹೊಸದರಲ್ಲಿ ಎಲ್ಲವೂ ತೆರೆಯುವವರೆಗೆ ಹಳೆಯದನ್ನು ಮನೆಯಿಂದ ಹೊರಗೆ ಹಾಕಬೇಡಿ. ಪರಿಶೋಧಕರು ‘ಟೇಪುಗಳಿವೆ’ ಎಂದು ಬರೆದರೆ ಆ ವರದಿಯನ್ನು ಹಿಂದಕ್ಕೆ ಕೊಡಿ. ‘ಇಂಥ ದಿನ, ಇಂಥವರು, ಇಂಥ ಕಡತ ತೆರೆದು ಓದಿದರು’ ಎಂದು ಬರೆದರೆ ಮಾತ್ರ ಒಪ್ಪಿಕೊಳ್ಳಿ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಿಮ್ಮ ನಾಲಗೆಯ ಮೇಲೆ ಬಂದಿರಬಹುದು. ನನಗೆ ಹೇಳಿ, ಬೇಸರವಿಲ್ಲ. ನಿಮ್ಮ ಒಲೆ ಈಗಲೇ ಹಚ್ಚಿಕೊಳ್ಳಿ.

ವಿಷಯ ತಿಳಿಸಲು ಮತ್ತೆ ಸ್ಯಾನ್ ಡಿಯಾಗೊಗೆ ಹೋದೆ. ಮನೆ ಅರ್ಧ ಖಾಲಿಯಾಗಿತ್ತು. ಸಿ, ಡಿ ಎಂದು ಎಷ್ಟು ಬಿಡಿಸಿ ಹೇಳಬಹುದೋ ಅಷ್ಟು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಪ್ರತಿ ಭಾನುವಾರ ಹನ್ನೊಂದು ಗಂಟೆ ತನಕ ಕೂತಿರ್ತಿದ್ರು ಕಣಪ್ಪ. ಹಾಗಾದ್ರೆ ಅವರು ಅಷ್ಟು ದಿನ ಏನನ್ನ ಕಾಪಾಡ್ತಿದ್ರು?”

ನನ್ನಲ್ಲಿ ಉತ್ತರವಿರಲಿಲ್ಲ. ಅವರೇ ಎದ್ದುಹೋಗಿ ಕಟ್ಟಿಟ್ಟ ಪೆಟ್ಟಿಗೆಯೊಂದರಿಂದ ಹಾಳೆಗಳ ಒಂದು ಸಣ್ಣ ಕಟ್ಟು ತಂದರು. ಅಂಚಿನಲ್ಲಿ ತೂತುಗಳಿದ್ದ, ಮಡಿಕೆ ಬಿಟ್ಟಿರದ ಪ್ರಿಂಟರ್ ಕಾಗದ, ಹದಿನಾಲ್ಕು ಪುಟ. ಇಪ್ಪತ್ತಮೂರರಲ್ಲಿ ಒಂದು ಮಾತುಕತೆ ಅಮ್ಮನದೇ. ತಪ್ಪಿದ್ದರೆ ತಿದ್ದಿಕೊಡು ಎಂದು ರಾಯರು ಪ್ರಿಂಟ್ ತೆಗೆದು ಕೊಟ್ಟಿದ್ದರಂತೆ. ಅಮ್ಮ ಪೆನ್ಸಿಲಿನಲ್ಲಿ ಅಲ್ಲಲ್ಲಿ ತಿದ್ದಿದ್ದರು. ಒಂದು ಕಡೆ ಇಡೀ ಸಾಲು ಹೊಡೆದು, ‘ಹೀಗೆ ನಾನು ಹೇಳಿಲ್ಲ’ ಎಂದು ಬರೆದಿದ್ದರು.

ಇಪ್ಪತ್ತಮೂರರಲ್ಲಿ ಉಳಿದದ್ದು ಅದೊಂದೇ. ಟೈಪಿಸಿ, ಮೂರು ಕಡೆ ಇಟ್ಟಿದ್ದೇನೆ. ಹೋದ ತಿಂಗಳು ಮೂರು ಕಡೆಯಿಂದಲೂ ತೆಗೆದು, ಮೊದಲಿನಿಂದ ಕೊನೆಯವರೆಗೆ ಓದಿದೆ.